ಆಂಗ್ಲಭಾಷೆಯ ಒಂದು ಕ್ರಿಯಾಪ್ರತ್ಯಯ: ಬರಹವೂ ಉಚ್ಚಾರಣೆಯೂ

ಆಂಗ್ಲಭಾಷೆಯ ಹಳೆಯ ಗ್ರಂಥಗಳಲ್ಲಿ ವರ್ತಮಾನಕಾಲದ ಪ್ರಥಮಪುರುಷ ಏಕವಚನ ಕ್ರಿಯಾಪದವು ಎರಡು ರೂಪಗಳಲ್ಲಿ ದೊರೆಯುತ್ತದೆ. ‘ಮಾಡುತ್ತಾನೆ’ ಎಂಬರ್ಥದಲ್ಲಿ ‘ಮೇಕೆಥ್’ ಎಂಬುದೊಂದು, ‘ಮೇಕ್ಸ್’ ಎಂಬುದಿನ್ನೊಂದು. ಇವನ್ನು ಹಿಂದುಮುಂದಿನ ಕಾಲದ ರೂಪಗಳೆಂದು ಭಾವಿಸುವುದು ವಾಡಿಕೆ. ಆದರೆ ಇವುಗಳ ಭೇದವು ಬಹುಕಾಲದವರೆಗೆ ಪ್ರಾಂತಭೇದವಾಗಿದ್ದಿತು.

ಉತ್ತರದ ನಾರ್ಥಂಬ್ರಿಯದಲ್ಲಿ ಸಕಾರಾಂತ ರೂಪವು 10ನೆಯ ಶತಮಾನದಲ್ಲಿಯೇ ಕಾಣುತ್ತದೆ. ಲಿಂಡಿಸ್‌ಫಾರ್ನ್ ಸುವಾರ್ತೆಗಳ ಲ್ಯಾಟಿನ್ ಪಂಕ್ತಿಗಳ ನಡುವೆ ಆಲ್ಡ್ರೆಡ್ ಎಂಬ ಪಾದ್ರಿಯು ಆ ಶತಮಾನದಲ್ಲಿ ಬರೆದ ಪ್ರತಿಪದಾರ್ಥದಲ್ಲಿ ಎರಡು ರೂಪಗಳೂ ಬೆರೆತಿವೆ. ದಕ್ಷಿಣದಲ್ಲಿಯಾದರೋ ಥಕಾರಾಂತವೇ ರೂಢಿ. 14ನೆಯ ಶತಮಾನದ ಉತ್ತರಾರ್ಧದಲ್ಲಿ ಲಂಡನ್ನಿನ ಕವಿ ಚಾಸರನು ‘ರೀವನ ಕಥೆ’ಯಲ್ಲಿ ಉತ್ತರದೇಶೀಯರಾದ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳ ಬಾಯಲ್ಲಿ ಸಕಾರಾಂತವನ್ನಿಟ್ಟು, ಕಥನಭಾಗದಲ್ಲಿ ಥಕಾರಾಂತವನ್ನು ಬಳಸಿದನು. ಆ ಕಾಲದ ಲಂಡನ್ನಿಗರಿಗೆ ಸಕಾರವು ಪರಪ್ರಾಂತದ ಗುರುತಾಗಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮುಂದಿನ ಎರಡು ಶತಮಾನಗಳಲ್ಲಿ ಈ ಸ್ಥಿತಿ ತಲೆಕೆಳಗಾಯಿತು. ಉತ್ತರದ ರೂಪವು ಲಂಡನ್ನಿನ ಆಡುನುಡಿಯನ್ನು ಹೊಕ್ಕಿತು. ಗಂಭೀರವಾದ ಬರಹ ಮಾತ್ರ ಅದನ್ನು ಬೇಗನೆ ಅಂಗೀಕರಿಸಲಿಲ್ಲ. 1526ರಲ್ಲಿ ಅಚ್ಚಾದ ಟಿಂಡೇಲನ ಹೊಸ ಒಡಂಬಡಿಕೆಯಲ್ಲಿಯೂ, 1611ರ ಬೈಬಲ್ ಅನುವಾದದಲ್ಲಿಯೂ ಥಕಾರಾಂತವೇ ನಿಯತವಾಗಿದೆ. ಆದರೆ 1600ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ ನಾಟಕದಲ್ಲಿ ಪೋರ್ಷಿಯಾ ಕರುಣೆಯನ್ನು ಕುರಿತು ಆಡುವ ಒಂದೇ ಭಾಷಣದಲ್ಲಿ ಎರಡು ರೂಪಗಳೂ ಬಂದಿವೆ. ಥಕಾರಾಂತದಲ್ಲಿ ಸಾಮಾನ್ಯವಾಗಿ ಒಂದು ಉಚ್ಚಾರಾಂಶವು ಹೆಚ್ಚಾಗಿರುವುದರಿಂದ ಕವಿಗಳಿಗೆ ಛಂದಸ್ಸಿಗೆ ತಕ್ಕುದನ್ನು ಆರಿಸಿಕೊಳ್ಳುವ ಸೌಕರ್ಯವಿದ್ದಿತು.

ಬರಹವನ್ನು ಉಚ್ಚಾರಣೆಯ ಪಡಿಯಚ್ಚೆಂದು ಭಾವಿಸಲಾಗದೆಂಬುದಕ್ಕೆ ಸಮಕಾಲೀನ ಸಾಕ್ಷ್ಯವುಂಟು. ರಿಚರ್ಡ್ ಹಾಜಸ್ ಎಂಬ ಉಪಾಧ್ಯಾಯನು 1643ರಲ್ಲಿ ಪ್ರಕಟಿಸಿದ ಕಾಗುಣಿತದ ಕೈಪಿಡಿಯಲ್ಲಿ, ಜನರು ಥಕಾರಾಂತವಾಗಿ ಬರೆದರೂ ಮಾತಿನಲ್ಲಿ ಸಕಾರಾಂತವಾಗಿಯೇ ನುಡಿಯುವರೆಂದು ಹೇಳಿದ್ದಾನೆ. ನಿತ್ಯಬಳಕೆಯ ‘ಹ್ಯಾಥ್’, ‘ಡಥ್’ ಎಂಬ ರೂಪಗಳು ಉಳಿದ ಕ್ರಿಯಾಪದಗಳ ಥಕಾರವು ಅಳಿಯುತ್ತಿದ್ದ ಕಾಲದಲ್ಲಿಯೂ ಬರಹದಲ್ಲಿ ನೆಲೆನಿಂತುವು.

ಆದುದರಿಂದ 1611ರ ಅನುವಾದದ ಕ್ರಿಯಾರೂಪಗಳನ್ನು ಆ ಕಾಲದ ಲಂಡನ್ನಿನ ಆಡುನುಡಿಗೆ ಪ್ರಮಾಣವಾಗಿ ಹಿಡಿಯುವುದು ಯುಕ್ತವಲ್ಲ. ಅವು ಪವಿತ್ರಗ್ರಂಥಕ್ಕೆ ಉಚಿತವೆಂದು ಉಳಿಸಿಕೊಂಡ ಪೂರ್ವಸಂಪ್ರದಾಯದ ರೂಪಗಳು. ಹಾಗೆಯೇ ಹಳೆಯ ಪಾಠಗಳನ್ನು ಸಂಪಾದಿಸುವವರು ಈ ಪ್ರತ್ಯಯಗಳನ್ನು ಏಕರೂಪಕ್ಕೆ ತಂದಲ್ಲಿ, ಚಾಸರನ ವಿದ್ಯಾರ್ಥಿಗಳು ತಮ್ಮ ಊರನ್ನೂ ಪೋರ್ಷಿಯಾಳ ಮಾತು ತನ್ನ ಲಯವನ್ನೂ ಕಳೆದುಕೊಳ್ಳುವುವು. ತಪ್ಪೆಂದು ತೋರುವ ಅಕ್ಷರವೇ ಅನೇಕ ವೇಳೆ ಭಾಷೆಯ ಚರಿತ್ರೆಗೆ ಉಳಿದಿರುವ ಆಧಾರವಾಗಿರುತ್ತದೆ.