ಸೂಜಿ, ಸರಕಾರ ಮತ್ತು ನಮ್ಮಮ್ಮ

ಬರೆಯದೆ ಬಹಳ ದಿನಗಳಾದವು. ಡ್ರಾಫ್ಟ್‌ನಲ್ಲಿ ಕೊಳೆಯುತ್ತಿದ್ದ ಈ ಬರಹವನ್ನು ಇವತ್ತು ಹೇಗಾದರೂ ಮುಗಿಸಲೇಬೇಕು ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಚಹಾ ಮಾಡಿಕೊಂಡು ಬಂದು ಓದಿ :)

2021ರ ಬೇಸಿಗೆ. ಬೆಂಗಳೂರಿನ ರೂಮು ಖಾಲಿ ಮಾಡಿ, ಲ್ಯಾಪ್‌ಟಾಪ್ ಕಟ್ಟಿಕೊಂಡು ನಮ್ಮೂರು ಲಕ್ಕಲಕಟ್ಟಿಗೆ ಬಂದಿದ್ದೆ. (ಎಲ್ಲಿದೆ ಅಂತೀರಾ? ಗಜೇಂದ್ರಗಡದ ಕಡೆ. ಮೊದಲು ರೋಣ ತಾಲೂಕು, ಈಗ ಗಜೇಂದ್ರಗಡ ತಾಲೂಕು. 1997ಕ್ಕಿಂತ ಮೊದಲು ಧಾರವಾಡ ಜಿಲ್ಲೆ, ಇಂಗ್ಲಿಷರ ಕಾಲಕ್ಕೆ ಮುಂಬೈ ಪ್ರಾಂತ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.) ನೆಟ್‌ವರ್ಕ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ. ಮೇಲೆ ನಾನು ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ, ಕೆಳಗೆ ನಮ್ಮಮ್ಮ ಲಸಿಕೆ ಒಲ್ಲೆ ಅಂತ ಹಟದಲ್ಲಿ. ನಮ್ಮ ಕಡೆ ಅಮ್ಮ ಅಂದರೆ ಅಜ್ಜಿ, ತಾಯಿಗೆ ಅವ್ವ ಅಂತೀವಿ.

"ಎಲ್ಲಾರೂ ಮಾಡಿಸ್ಕೊಳ್ಳಾಕ ಹತ್ಯಾರ, ನೀ ಯಾಕ ಒಲ್ಲೆ ಅಂತಿ?"

"ನಾ ಸಣ್ಣಾಕಿದ್ದಾಗ ದೇವಿ ಹಾಕಿಸ್ಕೊಂಡೇನಿ. ನೋಡಿಲ್ಲೆ." ತೋಳಿನ ಮೇಲಿನ ದುಂಡನೆಯ ಕಲೆ ತೋರಿಸಿದಳು.

"ಅದು ಸಿಡುಬಿಂದು, ಇದು ಕೊರೊನಾದ್ದು."

"ಸೂಜಿ ಸೂಜೀನ. ಸರಕಾರದವ್ರು ಬಾಗಿಲಿಗೆ ಬಂದು ಪುಕ್ಕಟೆ ಕೊಡ್ತಾರಂದ್ರ ಏನೋ ಐತಿ ತಗೊ. ಪ್ಲೇಗ ಬಂದಾಗ ಹಿಂಗ ಬರ್ತಿದ್ರಂತ. ಅವ್ರು ಬಂದ್ರಂದ್ರ ಬ್ಯಾನಿ ಬಿದ್ದವ್ರನ್ನ ಕಣಕಿ ಬಣವಿ ಹಿಂದ ಮುಚ್ಚಿಡ್ತಿದ್ರಂತ. ನಮ್ಮತ್ತಿಗೆ ಅವರತ್ತಿ ಹೇಳಿದ್ದು."

ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ ಬಂದ ಈ ಮಾತು ನನ್ನ ತಲೆ ಕೊರೆಯತೊಡಗಿತು. ಬಗ್ ಹುಡುಕುವ ಚಟ ನೋಡಿ, ಆವತ್ತಿನಿಂದ ಪ್ಲೇಗಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಶುರು ಮಾಡಿದೆ.

1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿಯಲ್ಲಿ ಪ್ಲೇಗು ಪತ್ತೆಯಾಯಿತು. 1897ರ ಫೆಬ್ರುವರಿ 4ಕ್ಕೆ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ನಾಲ್ಕೇ ಕಲಮುಗಳ ಪುಟ್ಟ ಕಾನೂನು. ಎರಡನೆಯ ಕಲಮು ರೋಗ ತಡೆಯಲು ಬೇಕಾದ ಯಾವುದೇ ಕ್ರಮ ಕೈಗೊಳ್ಳುವ ಅಧಿಕಾರವನ್ನು ಸರಕಾರಕ್ಕೆ ಕೊಡುತ್ತದೆ. ನಾಲ್ಕನೆಯದು, ಸದುದ್ದೇಶದಿಂದ ಹಾಗೆ ಮಾಡಿದ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎನ್ನುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಡ್ಮಿನ್ ಆಕ್ಸೆಸ್ ಕೊಟ್ಟು, ಲಾಗ್ ಬರೆಯುವುದನ್ನು ಬಂದ್ ಮಾಡಿದ ಹಾಗೆ!

ಪುಣೆಯಲ್ಲಿ ಅದರ ಪರಿಣಾಮ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಕೈಕೆಳಗೆ ಗೋರಾ ಸಿಪಾಯಿಗಳು ಅಡಿಗೆಮನೆ, ದೇವರಮನೆಗಳಿಗೆ ನುಗ್ಗಿದರು. ರೋಗಿಗಳನ್ನು ಆಸ್ಪತ್ರೆಗೆ, ಮನೆಯವರನ್ನು ಬೇರೆ ಶಿಬಿರಕ್ಕೆ ಎಳೆದೊಯ್ದರು. ಸಾಮಾನು ಸುಟ್ಟರು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ಸಮಾರಂಭ ಮುಗಿಸಿ ಹೊರಟಿದ್ದ ರ್‍ಯಾಂಡ್ ಮತ್ತು ಲೆಫ್ಟಿನೆಂಟ್ ಆಯರ್ಸ್ಟ್ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. 'ಕೇಸರಿ'ಯಲ್ಲಿ ಬರೆದದ್ದಕ್ಕೆ ತಿಲಕರ ಮೇಲೆ ರಾಜದ್ರೋಹದ ಖಟ್ಲೆ ನಡೆದು 18 ತಿಂಗಳ ಶಿಕ್ಷೆಯಾಯಿತು. ಇಲ್ಲೊಂದು ಮಾತು. ತಿಲಕರು ರೋಗಿಗಳನ್ನು ಬೇರೆ ಇಡುವುದನ್ನೇ ವಿರೋಧಿಸಿದವರಲ್ಲ. ಊರು ಬಿಟ್ಟು ಓಡದೆ, ಆಸ್ಪತ್ರೆ ನಡೆಸಲು ಕೈಹಾಕಿದವರು. ಅವರ ಸಿಟ್ಟು ಇದ್ದದ್ದು ಆ ಕೆಲಸಕ್ಕೆ ಸಿಪಾಯಿಗಳನ್ನು ಕಳಿಸಿದ್ದರ ಮೇಲೆ.

ಇದೆಲ್ಲ ಶಾಲೆಯ ಪುಸ್ತಕದಲ್ಲೂ ಅರ್ಧಂಬರ್ಧ ಇದೆ. ನನ್ನನ್ನು ನಿಲ್ಲಿಸಿದ್ದು ಮುಂದಿನ ವರ್ಷದ ಹುಬ್ಬಳ್ಳಿಯ ಕಥೆ.

ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡಿದ್ದ. ಅವನು ಪ್ರಾಣಿಶಾಸ್ತ್ರಜ್ಞ, ಡಾಕ್ಟರನಲ್ಲ. ಮೇಲಾಗಿ ಇಂಗ್ಲಿಷನೂ ಅಲ್ಲ. ಇಂಗ್ಲಿಷ್ ಡಾಕ್ಟರುಗಳಲ್ಲೇ ಹಲವರಿಗೆ ಅವನನ್ನು ಕಂಡರಾಗುತ್ತಿರಲಿಲ್ಲ. ಜನರಲ್ಲಂತೂ ಸೂಜಿ ಗಜದುದ್ದ ಇದೆ, ಚುಚ್ಚಿದ ಕೂಡಲೇ ಸಾಯುತ್ತಾರೆ, ಗಂಡಸರು ನಪುಂಸಕರಾಗುತ್ತಾರೆ ಎಂಬ ಗಾಳಿಸುದ್ದಿ. (ಈ ಮೂರನೆಯದು 2021ರಲ್ಲಿ ನನ್ನ ವಾಟ್ಸಾಪಿಗೂ ಬಂದಿತ್ತು. 124 ವರ್ಷಗಳಲ್ಲಿ ಒಂದು ಹೊಸ ಸುಳ್ಳು ಹುಟ್ಟಿಸಲೂ ಆಗಲಿಲ್ಲವಲ್ಲ ನಮಗೆ!)

ಇಷ್ಟಿದ್ದರೂ 1898ರಲ್ಲಿ, ಕ್ಯಾಪ್ಟನ್ ಲ್ಯೂಮನ್ ಎಂಬ ಡಾಕ್ಟರನ ಉಸ್ತುವಾರಿಯಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಸುಮಾರು 38,000 ಜನ ಸೂಜಿ ಚುಚ್ಚಿಸಿಕೊಂಡರು. ಊರಿನ ಜನಸಂಖ್ಯೆಯೇ ಆಗ ಐವತ್ತು ಸಾವಿರದ ಒಳಗೆ. ಧಾರವಾಡ, ಗದಗಿನಲ್ಲೂ ಲಸಿಕೆ ಹಾಕಿದರು. ಪುಣೆಯಲ್ಲಿ ಗುಂಡು, ಹುಬ್ಬಳ್ಳಿಯಲ್ಲಿ ಪಾಳಿ. ಒಂದೇ ಪ್ರಾಂತ, ಒಂದೇ ಕಾಯಿದೆ, ಒಂದೇ ರೋಗ. ಹೆಂಗ್ ಸಾಧ್ಯ?

ಒಂದು ಕಾರಣ, ಹೆದರಿಕೆ. ರೈಲಿನ ಜಂಕ್ಷನ್ನು, ವರ್ಕ್‌ಶಾಪು, ಗಿರಣಿಗಳಿದ್ದ ಹುಬ್ಬಳ್ಳಿಯಲ್ಲಿ ಸಾವು ಕಣ್ಣೆದುರಿಗೇ ಇತ್ತು. ಎರಡನೆಯ ಕಾರಣ, ಒಂದು ಚೀಟಿ! ಲಸಿಕೆ ಕಡ್ಡಾಯವಲ್ಲ ಎಂಬುದು ಸರಕಾರದ ನಿಲುವು. ಆದರೆ ಹಾಕಿಸಿಕೊಂಡವರಿಗೆ ಸರ್ಟಿಫಿಕೇಟ್ ಸಿಗುತ್ತಿತ್ತು. ಅದು ಕೈಯಲ್ಲಿದ್ದರೆ, ಮನೆಯಲ್ಲಿ ಯಾರಿಗೋ ಪ್ಲೇಗು ಬಂತೆಂದು ನಿಮ್ಮನ್ನು ಶಿಬಿರಕ್ಕೆ ಒಯ್ಯುತ್ತಿರಲಿಲ್ಲ. ಅಂದರೆ ಹುಬ್ಬಳ್ಳಿಯ ಜನ ಸೂಜಿಯನ್ನು ನಂಬಿದರೋ, ಶಿಬಿರಕ್ಕಿಂತ ಸೂಜಿ ವಾಸಿ ಅಂದುಕೊಂಡರೋ? ನನಗೆ ಎರಡನೆಯದೇ ಹೆಚ್ಚು ಅನಿಸುತ್ತದೆ. ಇಂಥದ್ದನ್ನು ಸ್ವಂತ ಇಚ್ಛೆ ಅನ್ನಲು ನಾಲಿಗೆ ತಡವರಿಸುತ್ತದೆ. ಆದರೆ ಆ ಸೂಜಿಯಿಂದ ಬದುಕಿದವರೂ ನಿಜ. ಫ್ರೇಸರ್ ಅಧ್ಯಕ್ಷತೆಯ ಪ್ಲೇಗ್ ಆಯೋಗ ಲಸಿಕೆಯ ಅಂಕಿ-ಅಂಶಗಳಲ್ಲಿ ದೋಷಗಳನ್ನು ಎತ್ತಿ ತೋರಿಸಿದರೂ, ರೋಗವೂ ಸಾವೂ ಕಡಿಮೆಯಾದದ್ದನ್ನು ಒಪ್ಪಿಕೊಂಡಿತು.

ಅತ್ತ ಮೈಸೂರು ಸೀಮೆಯಲ್ಲಿ, ಅದೇ 1898ರಲ್ಲಿ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂತು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಗಲಭೆಯೇ ಆಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಈ ಪ್ಲೇಗಿನ ದೆಸೆಯಿಂದಲೇ. ಅದು ಇನ್ನೊಂದು ಪೋಸ್ಟಿನ ಸರಕು, ಇರಲಿ.

ಹಾಫ್ಕಿನ್‌ನ ಗತಿ ಕೇಳಿ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 107 ಜನರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಒಂದೇ ಬಾಟಲಿ ಕೆಟ್ಟಿತ್ತು. ಸರಕಾರ ಹಾಫ್ಕಿನ್‌ನನ್ನು ಕೆಲಸದಿಂದ ದೂರವಿಟ್ಟಿತು. ಕಲಬೆರಕೆ ಆದದ್ದು ಪ್ರಯೋಗಾಲಯದಲ್ಲಲ್ಲ, ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಎಂದು ರೊನಾಲ್ಡ್ ರಾಸ್ ಮುಂತಾದವರು ವಾದಿಸಿ, ಅವನ ಹೆಸರಿನ ಕಳಂಕ ಹೋಗುವಷ್ಟರಲ್ಲಿ 1907 ಬಂದಿತ್ತು. ತಪ್ಪು ಯಾರದೆಂದು ಸರಕಾರ ಐದು ವರ್ಷ ಸರಿಯಾಗಿ ಹೇಳದಿದ್ದರೆ ಬಾಕಿ ಹಳ್ಳಿಗಳ ಜನ ಏನಂದುಕೊಳ್ಳಬೇಕು?

ಈಗ ನಮ್ಮ ಕಾಲಕ್ಕೆ. 2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಕೊರೊನಾ ನಿಯಮಗಳನ್ನು ಹೊರಡಿಸಿದ್ದು ಅದೇ 1897ರ ಕಾಯಿದೆಯ ಅಡಿಯಲ್ಲಿ. 2021ರ ಮೇ 1ರಿಂದ 18 ದಾಟಿದವರಿಗೆಲ್ಲ ಲಸಿಕೆ ಎಂದು ಕೇಂದ್ರ ಘೋಷಿಸಿತು. ಆದರೆ 44ರ ಒಳಗಿನವರ ಲಸಿಕೆಯನ್ನು ರಾಜ್ಯಗಳು ತಾವೇ ಕೊಳ್ಳಬೇಕಿತ್ತು. ಕೇಂದ್ರಕ್ಕೆ 150 ರೂಪಾಯಿಗೆ ಸಿಗುತ್ತಿದ್ದ ಕೋವಿಶೀಲ್ಡ್‌ಗೆ ರಾಜ್ಯಗಳಿಗೆ ಮೊದಲು ಹೇಳಿದ ದರ 400, ಗದ್ದಲವಾದ ಮೇಲೆ 300. ದಾಸ್ತಾನಿಲ್ಲದೆ ಮೇ 14ರಿಂದ ಕರ್ನಾಟಕ ಈ ವಯಸ್ಸಿನವರಿಗೆ ಕೊಡುವುದನ್ನೇ ನಿಲ್ಲಿಸಿತು. ವಿರೋಧ ಪಕ್ಷದವರು ಬೈದರು, ಆಳುವವರು ಸಮರ್ಥಿಸಿಕೊಂಡರು. ಸುಪ್ರೀಂ ಕೋರ್ಟ್ ಮೇಲ್ನೋಟಕ್ಕೆ ಇದು ಮನಬಂದಂತೆ ಮಾಡಿದ, ತರ್ಕವಿಲ್ಲದ ನೀತಿ ಅಂದಿತು. ಜೂನ್ 7ಕ್ಕೆ ಪ್ರಧಾನಿ ನೀತಿ ಬದಲಿಸಿದರು. ಇತ್ತ ಕೋವಿನ್ ತಾಣಕ್ಕೆ ಕನ್ನಡ ಬಂದದ್ದೇ ಜೂನಿನಲ್ಲಿ. ಅಲ್ಲಿಯವರೆಗೆ ಇಂಗ್ಲಿಷ್ ಬಲ್ಲ ನನ್ನಂಥವರು ಸ್ಕ್ರಿಪ್ಟ್ ಬರೆದು ಸ್ಲಾಟ್ ಹಿಡಿಯುತ್ತಿದ್ದೆವು. ಹೌದು, ನಾನೂ ಬರೆದಿದ್ದೆ. ಹೆಮ್ಮೆಯ ವಿಷಯವಲ್ಲ.

ದಾಸ್ತಾನು ಬಂದ ಮೇಲೆ ತಕರಾರು ತಿರುವು ತೆಗೆದುಕೊಂಡಿತು. ಸಿಗದವರ ಗೋಳು ಹೋಗಿ, ಒಲ್ಲದವರನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಆ ವರ್ಷ ಸೆಪ್ಟೆಂಬರಿನ ಹೊತ್ತಿಗೆ ಚಾಮರಾಜನಗರ ಜಿಲ್ಲೆಯಲ್ಲಿ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂದದ್ದು ದೊಡ್ಡ ವಿವಾದವಾಯಿತು. ಡಿಸೆಂಬರಿನಲ್ಲಿ ಎರಡು ಡೋಸ್ ಆಗದವರಿಗೆ ಮಾಲ್, ಸಿನೆಮಾ ಬಂದ್ ಆದವು. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ, ಆದರೆ ಸಾರ್ವಜನಿಕರ ಆರೋಗ್ಯಕ್ಕಾಗಿ ಸರಕಾರ ಮಿತವಾದ ನಿರ್ಬಂಧ ಹಾಕಬಹುದು ಎಂದು ಹೇಳಿತು. ಹುಬ್ಬಳ್ಳಿಯ ಚೀಟಿ ನೆನಪಾಯಿತಾ?

ಚಾಮರಾಜನಗರದ ಸುದ್ದಿ ಓದಿದ ದಿನ ನಾನೊಂದು ಕೆಲಸ ಮಾಡಿದೆ. ಮಾಳಿಗೆಯಿಂದ ಇಳಿದು ಬಂದು ನಮ್ಮಮ್ಮನಿಗೆ, "ಸೂಜಿ ಮಾಡಿಸ್ಕೊಳ್ಳದವ್ರ ಪಗಾರ ಬಂದ್ ಮಾಡ್ತಾರಂತ" ಅಂದೆ. ಪಗಾರ ಅಂದರೆ ವೃದ್ಧಾಪ್ಯದ ಪಿಂಚಣಿ. ನಮ್ಮ ಜಿಲ್ಲೆಯಲ್ಲಿ ಅಂಥ ಆದೇಶವೇನೂ ಇರಲಿಲ್ಲ. ಮರುದಿನ ಬೆಳಿಗ್ಗೆ ಸೆರಗು ಹೊದ್ದು, ಏನೂ ಮಾತಾಡದೆ ಹೋಗಿ ಸೂಜಿ ಮಾಡಿಸಿಕೊಂಡು ಬಂದಳು. ನನಗೆ ಗೆದ್ದ ಖುಷಿ.

ಮುಂದಿನ ತಿಂಗಳು, ಸೂಜಿ ಮಾಡಿಸಿಕೊಳ್ಳದ ಪಕ್ಕದ ಮನೆಯ ಮುದುಕಿಗೂ ಪಗಾರ ಬಂತು. ನಮ್ಮಮ್ಮ ನನ್ನನ್ನು ಒಮ್ಮೆ ನೋಡಿದಳು. ಹದಿನೈದು ದಿನ ಮಾತು ಬಿಟ್ಟಳು.

ಎರಡನೆಯ ಡೋಸಿನ ಹೊತ್ತಿಗೆ ನಾನು ಬಾಯಿ ತೆರೆಯಲಿಲ್ಲ. ಆಶಾ ಕಾರ್ಯಕರ್ತೆ ಬಂದು ಕಟ್ಟೆಯ ಮೇಲೆ ಕೂತರು. ಮೊಣಕಾಲು ನೋವು ವಿಚಾರಿಸಿದರು, ಚಹಾ ಕುಡಿದರು. "ಮತ್ತ ಜ್ವರ ಬರತಾವನು?" ಅಂತ ಅಮ್ಮ ಕೇಳಿದಳು. "ಬರಬಹುದ್ರೀ ಅಮ್ಮಾರ, ಒಂದಿನ. ಗುಳಿಗಿ ಕೊಟ್ಟಿರ್ತೀನಿ." ಇಷ್ಟೇ. ಅಮ್ಮ ಅವರ ಹಿಂದೆಯೇ ಹೊರಟಳು.

2022ರಲ್ಲಿ ಅರವತ್ತು ದಾಟಿದವರಿಗೆ ಮೂರನೆಯ ಡೋಸ್ ಬಂದಾಗ ನಾನು ಬೆಂಗಳೂರಿಗೆ ವಾಪಸಾಗಿದ್ದೆ. ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದಳು:

"ಈ ಸಲ ಖರೇ ಹೇಳಾಕ ಹತ್ತೀಯೋ, ಪಗಾರದ ಕತಿಯೋ?"