ಕಾಡು ಸೆಣಬು: ಗುರುತು, ಬೆಳೆ, ಎಚ್ಚರಿಕೆ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಬಾಬಾಬುಡನ್ ಶ್ರೇಣಿಯಲ್ಲಿ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಹುಲ್ಲುಗಾವಲಿನಲ್ಲಿ ಮಳೆ ಇಳಿದ ಮೇಲೆ ಹಳದಿ ಹೂ ಬಿಡುವ ಗಿಡಗಳಲ್ಲಿ ಕಾಡು ಸೆಣಬೂ ಒಂದು. ಸಸ್ಯಶಾಸ್ತ್ರದಲ್ಲಿ ಇದು ಕ್ರೊಟಲೇರಿಯಾ. ತೊಗರಿ, ಹುರುಳಿಗಳ ದ್ವಿದಳ ಕುಟುಂಬದ್ದೇ. ಹೂವು ಅವರೆ ಹೂವಿನ ಆಕಾರ. ಕಾಯಿ ಊದಿಕೊಂಡಿರುತ್ತದೆ. ಒಣಗಿದ ಮೇಲೆ ಅಲುಗಿಸಿದರೆ ಬೀಜ ಗಿಜಿಗಿಜಿ ಎನ್ನುತ್ತದೆ, ಮಕ್ಕಳ ಗಿಲಕಿಯ ಹಾಗೆ.

ಇದರಲ್ಲಿ ಹಲವು ಜಾತಿಗಳಿವೆ, ಕೆಲವು ದನಕ್ಕೆ ವಿಷ. ಎಲೆಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಬೀಜದಲ್ಲಿಯೂ ಇರುವ ಆಲ್ಕಲಾಯ್ಡ್ ಯಕೃತ್ತನ್ನು ಕೆಡಿಸುತ್ತದೆ. ತಿಂದ ದಿನ ಏನೂ ಕಾಣದೆ, ವಾರಗಳ ಅಥವಾ ತಿಂಗಳುಗಳ ನಂತರ ಪ್ರಾಣಿ ಸೊರಗಬಹುದು. ಆಗ ಔಷಧಿ ನಾಟುವುದು ಕಷ್ಟ. ಗೋಶಾಲೆಗೆ ಬೆಟ್ಟದ ಹುಲ್ಲು ಕೊಂಡು ಕಳಿಸುವ ನಮ್ಮ ಕುಟುಂಬಗಳು ಇದನ್ನು ಗಮನಿಸಬೇಕು. ಹೊರೆಯಲ್ಲಿ ಈ ಕಾಯಿ ಕಂಡರೆ ಆರಿಸಿ ತೆಗೆಸಿ, ಇಲ್ಲವೇ ಹೊರೆಯನ್ನೇ ವಾಪಸ್ ಮಾಡಿ. ದಾನ ಕೊಟ್ಟ ಹುಲ್ಲಿನಿಂದಲೇ ಹಸು ಸತ್ತರೆ ಏನು ಬಂತು?

ಚಿಟ್ಟೆಗಳಿಗೆ ಮಾತ್ರ ಇದೇ ಬೇಕು. ನೀಲಿ ಹುಲಿ ಜಾತಿಯ ಗಂಡು ಚಿಟ್ಟೆಗಳು ಒಣಗಿದ ಗಿಡಕ್ಕೆ ಮುತ್ತಿ ಆ ರಸವನ್ನೇ ಹೀರುತ್ತವೆ.

ಕಾಡಿನ ಗಿಡ ಕಿತ್ತು ತರಬೇಡಿ. ಬೆಳೆಯುವವರು ಊರಿನ ಅಪ್‌ಸೆಣಬನ್ನೇ ಬೆಳೆಯಿರಿ. ಮುಂಗಾರಿನಲ್ಲಿ, ನೀರು ನಿಲ್ಲದ ಜಮೀನಿಗೆ ಎಕರೆಗೆ 10–15 ಕಿಲೋ ಬೀಜ ಸಾಕು. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. 45–50 ದಿನಕ್ಕೆ, ಹೂ ಕಾಣುವಾಗ, ಉತ್ತು ಮಣ್ಣಿಗೆ ಸೇರಿಸುತ್ತಾರೆ. ಹಸಿರನ್ನು ಉಳಬಹುದೇ ಎಂದು ಕೇಳುವವರಿದ್ದಾರೆ. ಶ್ರಾವಕರಿಗೆ ಕೃಷಿ ಉದ್ಯೋಗಿ ಹಿಂಸೆಯಲ್ಲಿ ಸೇರುತ್ತದೆ, ಸಂಕಲ್ಪಿ ಹಿಂಸೆಯಲ್ಲಲ್ಲ. ಮನಸ್ಸೊಪ್ಪದವರು ಉಳದೆ, ಕೊಯ್ದು ಅಡಿಕೆ, ತೆಂಗಿನ ಬುಡಕ್ಕೆ ಹೊದಿಸಬಹುದು. ಮಣ್ಣಿನ ಜೀವಿಗಳಿಗೆ ತೊಂದರೆ ಕಡಿಮೆ.