ಕಪಾಟಿನಲ್ಲಿ ಇಲ್ಲದ ಕಥೆ

ಪುರಾ ಬೆಲ್‌ಪ್ರೆ 1920ರಲ್ಲಿ ನ್ಯೂಯಾರ್ಕಿಗೆ ಬಂದದ್ದು ಅಕ್ಕನ ಮದುವೆಗೆ. ಪೋರ್ಟೊ ರಿಕೊ ದ್ವೀಪದ ಸಿದ್ರಾ ಎಂಬ ಊರಿನವರು. ಹಿಂದಿನ ವರ್ಷವಷ್ಟೇ ಅಲ್ಲಿನ ವಿಶ್ವವಿದ್ಯಾಲಯ ಸೇರಿದ್ದರು, ಶಿಕ್ಷಕಿಯಾಗಬೇಕು ಎಂದುಕೊಂಡಿದ್ದರು. ಮದುವೆ ಮುಗಿಯಿತು, ಅವರು ಮಾತ್ರ ಓದಿಗೆ ಹಿಂದಿರುಗಲಿಲ್ಲ. ಮೊದಲು ಬಟ್ಟೆ ಹೊಲಿಯುವ ಉದ್ಯಮದಲ್ಲಿ ದುಡಿದರು. 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಹಾರ್ಲೆಮ್ ಶಾಖೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಆ ಗ್ರಂಥಾಲಯ ವ್ಯವಸ್ಥೆಯೊಳಗೆ ಕೆಲಸಕ್ಕೆ ಸೇರಿದ ಮೊದಲ ಪೋರ್ಟೊ ರಿಕೊ ಪ್ರಜೆ ಅವರೇ.

ಕಾಗದದ ಮೇಲೆ ನೋಡಿದರೆ ಅವರು ಪರದೇಶಕ್ಕೆ ಬಂದಿರಲಿಲ್ಲ. 1898ರ ಯುದ್ಧದ ನಂತರ ಅವರ ದ್ವೀಪ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋಗಿತ್ತು. 1917ರ ಕಾನೂನು ಅಲ್ಲಿನವರಿಗೆ ಅಮೆರಿಕದ ಪೌರತ್ವವನ್ನೂ ಕೊಟ್ಟಿತ್ತು. ಆದರೆ ಪೌರತ್ವ ಬದಲಾದ ಮಾತ್ರಕ್ಕೆ ನಾಲಿಗೆ ಬದಲಾಗುವುದಿಲ್ಲವಲ್ಲ. ಹಡಗು ಇಳಿದವರಿಗೆ ಎದುರಾದದ್ದು ಬೇರೆ ಭಾಷೆ, ಬೇರೆ ಚಳಿ, ಬೇರೆ ಹಬ್ಬ. ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಸ್ಪ್ಯಾನಿಷ್. ಆ ಎರಡರ ನಡುವೆ ಬೀದಿಯಲ್ಲಿ ಒಂದು ಗ್ರಂಥಾಲಯವಿತ್ತು. ಅದು ಯಾರದು ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

135ನೇ ಬೀದಿಯ ಆ ಶಾಖೆಯ ಮುಖ್ಯಸ್ಥೆ ಅರ್ನೆಸ್ಟೀನ್ ರೋಸ್. ಹಿಂದೆ ಯೆಹೂದಿ ವಲಸಿಗರ ಬಡಾವಣೆಯಲ್ಲಿ ಕೆಲಸ ಮಾಡಿ ಅನುಭವವಿದ್ದ ಬಿಳಿಯ ಮಹಿಳೆ. ಬಡಾವಣೆಯ ಜನ ಒಳಗೆ ಬರಬೇಕಾದರೆ ಬಡಾವಣೆಯ ಮುಖಗಳೇ ಮೇಜಿನ ಹಿಂದೆ ಇರಬೇಕು ಎಂಬುದು ಅವರಿಗೆ ಗೊತ್ತಿತ್ತು. ಆ ಗ್ರಂಥಾಲಯ ವ್ಯವಸ್ಥೆಯ ಮೊದಲ ಕಪ್ಪು ಗ್ರಂಥಪಾಲಕಿ ಕ್ಯಾಥರೀನ್ ಲ್ಯಾಟಿಮರ್ ಸೇರಿದ್ದು ಇದೇ ಕಾಲದಲ್ಲಿ. ಹಾರ್ಲೆಮ್‌ನ ಕಪ್ಪು ಲೇಖಕರು, ಕಲಾವಿದರು ಹೊಸದೊಂದು ಸಾಹಿತ್ಯಯುಗ ಕಟ್ಟುತ್ತಿದ್ದ ದಿನಗಳವು. ಅದರ ಸಂಜೆಗಳಲ್ಲಿ ಎಷ್ಟೋ ಈ ಶಾಖೆಯಲ್ಲೇ ಕಳೆದವು: ಕವಿತಾ ವಾಚನ, ಚಿತ್ರ ಪ್ರದರ್ಶನ, ಚರ್ಚೆ. ಡಬ್ಲ್ಯು.ಇ.ಬಿ. ಡುಬಾಯ್ಸ್ ಕಟ್ಟಿದ ಕ್ರಿಗ್ವಾ ತಂಡದ ನಾಟಕಗಳು ಕಟ್ಟಡದ ನೆಲಮಾಳಿಗೆಯಲ್ಲಿ ನಡೆದವು. ಪೋರ್ಟೊ ರಿಕೊದಲ್ಲೇ ಹುಟ್ಟಿದ ಆರ್ತುರೊ ಶೋಂಬರ್ಗ್ ಜೀವಮಾನವಿಡೀ ಕೂಡಿಟ್ಟ ಕಪ್ಪು ಜನರ ಚರಿತ್ರೆಯ ಪುಸ್ತಕಗಳು, ಕಾಗದಪತ್ರಗಳು 1926ರಲ್ಲಿ ಇಲ್ಲಿಗೇ ಬಂದವು. ಗ್ರಂಥಾಲಯವೆಂದರೆ ಪುಸ್ತಕ ಕೊಟ್ಟು ಕಳಿಸುವ ಜಾಗ ಮಾತ್ರವಲ್ಲ, ಜನ ಕೂಡುವ ಜಾಗ ಎಂಬುದನ್ನು ಬೆಲ್‌ಪ್ರೆ ಅಲ್ಲಿ ಕಣ್ಣಾರೆ ಕಂಡರು.

ಅವರಿಗೆ ಒಪ್ಪಿಸಿದ್ದು ಮಕ್ಕಳ ವಿಭಾಗ. ಕಥೆ ಹೇಳುವ ಹೊತ್ತಿನಲ್ಲಿ ಒಂದು ಮೋಂಬತ್ತಿ ಹಚ್ಚಿಡುವುದು, ಕಥೆ ಮುಗಿದ ಮೇಲೆ ಮನಸ್ಸಿನಲ್ಲೇ ಏನಾದರೂ ಬೇಡಿಕೊಂಡು ಅದನ್ನು ಊದಿ ಆರಿಸುವುದು ಅಲ್ಲಿನ ವಾಡಿಕೆ. ಜೊತೆಗೆ ಒಂದು ನಿಯಮವೂ ಇತ್ತು: ಮಕ್ಕಳಿಗೆ ಹೇಳುವ ಕಥೆ ಅಚ್ಚಾದ ಪುಸ್ತಕದ್ದಾಗಿರಬೇಕು. ಕಥೆ ಕೇಳಿದ ಮಗು ಕಪಾಟಿಗೆ ಓಡಿಹೋಗಿ ಅದೇ ಪುಸ್ತಕ ತೆಗೆದುಕೊಳ್ಳಲಿ ಎಂಬುದು ಅದರ ಹಿಂದಿನ ಸದುದ್ದೇಶ. ಅದೇ ಕಪಾಟಿನಲ್ಲಿ ಬೆಲ್‌ಪ್ರೆ ತಮ್ಮ ನಾಡಿನ ಕಥೆಗಳನ್ನು ಹುಡುಕಿದರು. ಒಂದೂ ಇರಲಿಲ್ಲ.

ಈ ನಿಯಮದಲ್ಲಿ ಯಾರ ಮೇಲೂ ದ್ವೇಷವಿಲ್ಲ. ಆದರೂ ಅಚ್ಚಾಗದ ಕಥೆಯ ಜನರನ್ನು ಅದು ಸದ್ದಿಲ್ಲದೆ ಹೊರಗಿಡುತ್ತದೆ. ಅಜ್ಜಿಯ ಬಾಯಲ್ಲಿ ಮಾತ್ರ ಇದ್ದ ಕಥೆಗೆ ಕಪಾಟಿನಲ್ಲಿ ಜಾಗವಿಲ್ಲ. ಕಪಾಟಿನಲ್ಲಿ ಇಲ್ಲವೆಂದರೆ ಹೇಳುವ ಹಾಗೂ ಇಲ್ಲ. ಹೇಳದೆ ಬಿಟ್ಟರೆ ಒಂದು ತಲೆಮಾರಿನೊಳಗೆ ಅದು ಮುಗಿದ ಹಾಗೆಯೇ.

1920ರ ದಶಕದ ಮಧ್ಯದಲ್ಲಿ ಗ್ರಂಥಾಲಯದ ತರಬೇತಿ ಶಾಲೆಯಲ್ಲಿ ಕಥನಕಲೆ ಕಲಿಯುತ್ತಿದ್ದಾಗ ಬೆಲ್‌ಪ್ರೆ ಅಜ್ಜಿ ಹೇಳುತ್ತಿದ್ದ ಒಂದು ಕಥೆಯನ್ನು ಬರೆದರು. ಚೆಲುವೆ ಜಿರಳೆ ಮಾರ್ಟಿನಾಳನ್ನು ಮದುವೆಯಾಗುತ್ತೇವೆಂದು ಒಬ್ಬೊಬ್ಬರಾಗಿ ಬರುವ ಪ್ರಾಣಿಗಳು, ಕೊನೆಗೆ ಅವಳು ಮೆಚ್ಚುವ ಇಲಿ ಪೆರೆಸ್. ಹಬ್ಬದ ಅಡುಗೆ ಬೇಯುತ್ತಿದ್ದ ಪಾತ್ರೆಗೆ ಬಿದ್ದು ಪೆರೆಸ್ ಸಾಯುತ್ತಾನೆ, ಮಾರ್ಟಿನಾ ಹಾಡಿಕೊಂಡು ಅಳುತ್ತಾಳೆ. ಅಚ್ಚಾಗದ ಈ ಕಥೆಯನ್ನು ಮಕ್ಕಳಿಗೆ ಹೇಳಲು ಅವರಿಗೆ ವಿಶೇಷ ಅನುಮತಿ ಸಿಕ್ಕಿತು. 1932ರಲ್ಲಿ ಅದು ‘ಪೆರೆಸ್ ಅಂಡ್ ಮಾರ್ಟಿನಾ’ ಎಂಬ ಪುಸ್ತಕವಾಯಿತು. ಅಜ್ಜಿ ಸ್ಪ್ಯಾನಿಷಿನಲ್ಲಿ ಹೇಳಿದ ಕಥೆ ಮೊದಲು ಅಚ್ಚಾದದ್ದು ಇಂಗ್ಲಿಷಿನಲ್ಲಿ ಎಂಬುದನ್ನೂ ಮರೆಯುವಂತಿಲ್ಲ. ಕಪಾಟು ಸೇರಲು ಆ ಕಥೆ ತೆತ್ತ ಬೆಲೆ ಅದು. ಅದರ ಸ್ಪ್ಯಾನಿಷ್ ಪುಸ್ತಕಕ್ಕೆ 1960ರ ದಶಕದವರೆಗೂ ಕಾಯಬೇಕಾಯಿತು.

1929ರಲ್ಲಿ ಅವರನ್ನು 115ನೇ ಬೀದಿಯ ಶಾಖೆಗೆ ಕಳಿಸಿದರು. ಸುತ್ತಲೂ ಪೋರ್ಟೊ ರಿಕೊದವರು ಬಂದು ನೆಲೆಸುತ್ತಿದ್ದ ಬಡಾವಣೆ. ಜೊತೆಗೆ ಆರ್ಥಿಕ ಮುಗ್ಗಟ್ಟಿನ ಕಾಲ. ಗ್ರಂಥಾಲಯ ಇಂಗ್ಲಿಷ್ ಬಲ್ಲವರಿಗೆ ಮಾತ್ರ ಎಂದುಕೊಂಡು ಜನ ಬಾಗಿಲಾಚೆಯೇ ಉಳಿಯುತ್ತಿದ್ದರು. ಬೆಲ್‌ಪ್ರೆ ಅವರು ಬರಲಿ ಎಂದು ಕಾಯುತ್ತ ಕೂರಲಿಲ್ಲ. ಪೋರ್ಟೊ ರಿಕೊದವರ ಸಂಘಗಳ ಸಭೆಗಳಿಗೆ ತಾವೇ ಹೋದರು, ತಾಯಂದಿರನ್ನು ಮಾತಾಡಿಸಿದರು. ಊರಿನವರ ಜೊತೆ ಬೆರೆಯುವುದು ಮತ್ತು ಗ್ರಂಥಾಲಯದ ಕೆಲಸ, ಇವೆರಡೂ ಅವರ ಮಟ್ಟಿಗೆ ಬೇರೆ ಬೇರೆಯಾಗಿರಲಿಲ್ಲ. ಶಾಖೆಯಲ್ಲಿ ಸ್ಪ್ಯಾನಿಷ್ ಪುಸ್ತಕಗಳನ್ನು ತರಿಸಿದರು, ಎರಡೂ ಭಾಷೆಗಳಲ್ಲಿ ಕಥೆ ಹೇಳಿದರು. ಮುಂದೆ ಅದಕ್ಕೆ ಗೊಂಬೆಯಾಟವೂ ಸೇರಿತು.

ಇವೆಲ್ಲಕ್ಕೂ ಕಳಶವಿಟ್ಟಂತೆ ಜನವರಿ 6ರ ಮೂವರು ರಾಜರ ಹಬ್ಬ. ಬಾಲಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ನೆನಪಿನ ದಿನವದು. ಪೋರ್ಟೊ ರಿಕೊದ ಮಕ್ಕಳಿಗೆ ಉಡುಗೊರೆ ತರುವವರು ಇವರೇ. ಹಿಂದಿನ ರಾತ್ರಿ ಮಕ್ಕಳು ರಾಜರ ಸವಾರಿ ಪ್ರಾಣಿಗಳಿಗೆಂದು ಪೆಟ್ಟಿಗೆಯಲ್ಲಿ ಹುಲ್ಲು ತುಂಬಿಡುತ್ತಾರೆ. ಹಿಮ ಬೀಳುವ ನ್ಯೂಯಾರ್ಕಿನಲ್ಲಿ ಹಸಿ ಹುಲ್ಲು ಎಲ್ಲಿ, ರಾಜರಿಗೆ ದಾರಿ ಎಲ್ಲಿ? ಬೆಲ್‌ಪ್ರೆ ಆ ಹಬ್ಬವನ್ನು ಗ್ರಂಥಾಲಯದೊಳಗೇ ನಡೆಸಿದರು; ಕಥೆ, ಹಾಡು, ಕುಣಿತ, ನಾಟಕ ಎಲ್ಲವೂ ಇದ್ದವು. ಮನೆಯೊಳಗೆ ಪಿಸುಮಾತಾಗಿ ಉಳಿದುಬಿಡಬಹುದಾಗಿದ್ದ ಭಾಷೆ ಸರ್ಕಾರಿ ಹಣ ಸಲ್ಲುವ ಕಟ್ಟಡದಲ್ಲಿ ಗಟ್ಟಿದನಿಯಲ್ಲಿ ಕೇಳಿಸಿತು. ಮುಂದೆ ಅವರು 110ನೇ ಬೀದಿಯ ಶಾಖೆಗೆ ಹೋದಾಗ ಹಬ್ಬವೂ ಅವರ ಜೊತೆ ಹೋಯಿತು.

1931ರಲ್ಲಿ ಮದರಾಸಿನಿಂದ ಎಸ್.ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಪ್ರಕಟವಾದವು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದವರು ಅವರು. ಓದುವವರು ಯಾರೇ ಆಗಿರಲಿ, ತಮ್ಮದೆನ್ನುವ ಪುಸ್ತಕ ಅವರ ಕೈಗೆ ತಲುಪಬೇಕು ಎಂಬುದು ಆ ಸೂತ್ರಗಳಲ್ಲೊಂದರ ತಿರುಳು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಗತ್ತಿನ ಇನ್ನೊಂದು ತುದಿಯಲ್ಲಿ ಬೆಲ್‌ಪ್ರೆ ಎದುರಿಸುತ್ತಿದ್ದದ್ದು ಅದರ ಮುಂದಿನ ಪ್ರಶ್ನೆಯನ್ನು: ಆ ಪುಸ್ತಕವನ್ನು ಯಾರೂ ಇನ್ನೂ ಬರೆದೇ ಇಲ್ಲದಿದ್ದರೆ? ಆಗ ಗ್ರಂಥಪಾಲಕಿಯೇ ಬರೆಯಬೇಕಾಗುತ್ತದೆ.

1940ರಲ್ಲಿ ಸಿನ್ಸಿನಾಟಿಯ ಗ್ರಂಥಪಾಲಕರ ಸಮ್ಮೇಳನದಲ್ಲಿ ತಮ್ಮ ಕೆಲಸದ ಕುರಿತು ಪ್ರಬಂಧ ಓದಲು ಹೋದಾಗ ಅವರಿಗೆ ಪಿಟೀಲು ವಾದಕ, ಸಂಗೀತ ರಚನಕಾರ ಕ್ಲಾರೆನ್ಸ್ ಕ್ಯಾಮರಾನ್ ವೈಟ್ ಪರಿಚಯವಾದರು. 1943ರಲ್ಲಿ ಮದುವೆಯಾಯಿತು. ಆಮೇಲೆ ಕೆಲಸ ಬಿಟ್ಟು ಪತಿಯೊಡನೆ ಸುತ್ತಾಟ, ಬರವಣಿಗೆ. 1960ರಲ್ಲಿ ಪತಿ ತೀರಿಕೊಂಡ ಮೇಲೆ ಮತ್ತೆ ಗ್ರಂಥಾಲಯಕ್ಕೆ ಬಂದರು. 1968ರಲ್ಲಿ ನಿವೃತ್ತರಾದ ಮೇಲೂ ಮನೆಯಲ್ಲಿ ಕೂರಲಿಲ್ಲ. ಸೌತ್ ಬ್ರಾಂಕ್ಸ್‌ನ ಬಡ ಬಡಾವಣೆಗಳಿಗೆ ಗೊಂಬೆಯಾಟದ ಸಾಮಾನು ಕಟ್ಟಿಕೊಂಡು ಹೊರಟರು. ತೀರಿಕೊಂಡದ್ದು 1982ರ ಜುಲೈ 1ರಂದು. ಲ್ಯಾಟಿನೊ ಬದುಕನ್ನು ಚಿತ್ರಿಸುವ ಮಕ್ಕಳ ಪುಸ್ತಕಗಳಿಗೆ 1996ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದ್ದಾರೆ.

ಊರು ಬಿಟ್ಟವರು ಸಂಘ ಕಟ್ಟುವುದು, ಹಬ್ಬ ಮಾಡುವುದು ಹೊಸದೇನಲ್ಲ. ನಮ್ಮವರ ಕನ್ನಡಕೂಟಗಳೂ ಮಾಡುತ್ತವೆ. ಬಾಡಿಗೆ ಸಭಾಂಗಣದಲ್ಲಿ ಕೂಡಿದ ಹಬ್ಬ ಆ ಸಂಜೆಗೆ ಮುಗಿಯುತ್ತದೆ. ಬೆಲ್‌ಪ್ರೆ ತಮ್ಮ ಹಬ್ಬವನ್ನು ನಡೆಸಿದ್ದು ನಗರಕ್ಕೆಲ್ಲ ಸೇರಿದ ಕೋಣೆಯಲ್ಲಿ. ಅಲ್ಲಿಗೆ ಅವರ ಊರಿನವರಲ್ಲದ ಮಕ್ಕಳೂ ಬಂದು ಕೂರಬಹುದಿತ್ತು, ಕಥೆ ಮುಗಿದ ಮೇಲೆ ಎದ್ದು ಕಪಾಟಿನಿಂದ ಆ ಪುಸ್ತಕ ತೆಗೆದುಕೊಂಡು ಮನೆಗೆ ಹೋಗಬಹುದಿತ್ತು.